ಮತದ ಬೆಲೆಯೂ ಆಣೆಯ ಬಂಧವೂ
(ಶ್ರೀಮಠದ ಮಹೋತ್ಸವದ ಸಂದರ್ಭದಲ್ಲಿ ಪಟ್ಟನಾಯಕನಹಳ್ಳಿಯಲ್ಲಿ ಮಾಡಿದ ಉಪನ್ಯಾಸ)



ಈ ದಿನದ ವಿಷಯವು ಚುನಾವಣೆಯಲ್ಲಿ ವ್ಯಯವಾಗುವ ದ್ರವ್ಯ. ಆ ದ್ರವ್ಯವು ಎಲ್ಲಿಂದ ಬರುತ್ತದೆ, ಯಾರ ಕೈಯಲ್ಲಿ ಹಾದು ಯಾರಿಗೆ ಸೇರುತ್ತದೆ, ಕೊಟ್ಟವನಿಗೂ ಕೊಂಡವನಿಗೂ ಯಾವ ಸಂಬಂಧವನ್ನು ಕಟ್ಟುತ್ತದೆ ಎಂಬುದನ್ನು ವಿಚಾರಿಸತಕ್ಕದ್ದಾಗಿದೆ. ಇಂಥ ಲೌಕಿಕ ವಿಷಯವು ಮಠದ ವೇದಿಕೆಗೆ ತಕ್ಕುದೇ ಎಂದು ಕೆಲವರು ಸಂಶಯಪಡಬಹುದು. ಯಾರಿಗೆ ಮತ ಕೊಡಬೇಕೆಂದು ಹೇಳುವುದು ಈ ವೇದಿಕೆಯ ಕೆಲಸವಲ್ಲವೆಂಬುದು ನಿಜ. ಆದರೆ ನಮ್ಮ ಸೀಮೆಯ ಭಕ್ತರು ಪ್ರತಿ ಚುನಾವಣೆಯ ಕಾಲದಲ್ಲಿಯೂ ಗುಟ್ಟಾಗಿ ಕೇಳುವ ಪ್ರಶ್ನೆಯೊಂದುಂಟು: "ಹಣ ಕೊಡುವಾಗ ದೇವರ ಮೇಲೆ ಆಣೆ ಮಾಡಿಸಿಕೊಂಡರು; ಈಗ ಬೇರೆಯವರಿಗೆ ಮತ ಹಾಕಿದರೆ ಪಾಪ ಬರುವುದಿಲ್ಲವೆ?" ಈ ಪ್ರಶ್ನೆಯು ಕಚೇರಿಯದಲ್ಲ, ಧರ್ಮದ್ದು. ಇದಕ್ಕೆ ಉತ್ತರ ಹೇಳದೆ ಸುಮ್ಮನಿರುವುದು ಮಠಕ್ಕೆ ಶೋಭಿಸದು. ಉತ್ತರವನ್ನು ಹೇಳುವ ಮೊದಲು ಇದರ ಮೂಲವನ್ನು ಸ್ವಲ್ಪ ದೂರದಿಂದ ನೋಡಿಕೊಂಡು ಬರೋಣ.

ಮತಕ್ಕೆ ಬೆಲೆ ಕಟ್ಟುವ ಪದ್ಧತಿಯು ನಮ್ಮ ದೇಶದಲ್ಲಿ ಹುಟ್ಟಿದ್ದಲ್ಲ, ಈ ಕಾಲದ್ದೂ ಅಲ್ಲ. ಯೂರೋಪು ಖಂಡದ ನಡುವೆ ಹಂಗೇರಿ ಎಂಬ ದೇಶವುಂಟು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಲ್ಲಿನ ಜಿಲ್ಲೆಗಳ ಅಧಿಕಾರಿಗಳನ್ನು ಆರಿಸುವ ಹಕ್ಕು ಜನ್ಮದಿಂದ ಕುಲೀನರಾದವರಿಗೆ ಮಾತ್ರ ಇತ್ತು. ಈ ಕುಲೀನರಲ್ಲಿ ಬಹುಮಂದಿ ಹೆಸರಿಗೆ ಮಾತ್ರ ಕುಲೀನರು. ಹೊಲ ಸ್ವಲ್ಪ, ಅಭಿಮಾನ ಬಹಳ. ಉಮೇದುವಾರನಾದ ದೊಡ್ಡ ಜಮೀನುದಾರನು ಚುನಾವಣೆಗೆ ಮುಂಚೆ ಇವರನ್ನು ಒಟ್ಟುಗೂಡಿಸಿ, ದ್ರಾಕ್ಷಾರಸವನ್ನೂ ಮಾಂಸದ ಊಟವನ್ನೂ ಬಡಿಸಿ, ಬಂಡಿಗಳಲ್ಲಿ ಕೂರಿಸಿ ಕರೆದೊಯ್ಯುತ್ತಿದ್ದನು. ಈ ಕೆಲಸವನ್ನು ನಡೆಸುವ ದಲ್ಲಾಳಿಗೆ ಅಲ್ಲಿಯ ಜನರು 'ಕೋರ್ತೆಶ್' ಎಂದು ಹೆಸರಿಟ್ಟಿದ್ದರು. ಯೋಝೆಫ್ ಎಟ್ವಶ್ ಎಂಬ ಹಂಗೇರಿಯ ಗ್ರಂಥಕರ್ತನು ೧೮೪೫ರಲ್ಲಿ ಬರೆದ ಕಾದಂಬರಿಯಲ್ಲಿ ಈ ಚುನಾವಣೆಗಳ ಚಿತ್ರವುಂಟು. ಆ ಗ್ರಂಥದ ಹೆಸರನ್ನು ಕನ್ನಡಿಸಿದರೆ 'ಹಳ್ಳಿಯ ಶಾನುಭೋಗ' ಎಂದಾಗುವುದು. ಮುಂದೆ ಈತನೇ ಆ ದೇಶದ ವಿದ್ಯಾಮಂತ್ರಿಯೂ ಆದನು.

೧೮೪೮ರಲ್ಲಿ ಹಂಗೇರಿಯಲ್ಲಿ ಹೊಸ ಕಾಯಿದೆಯು ಬಂದು, ಜನ್ಮದ ಹಕ್ಕಿನ ಜೊತೆಗೆ ಆಸ್ತಿ, ವರಮಾನ, ವಿದ್ಯೆಗಳ ಹಕ್ಕೂ ಸೇರಿತು. ೧೮೬೭ರಲ್ಲಿ ಆಸ್ಟ್ರಿಯದೊಡನೆ ಒಡಂಬಡಿಕೆಯಾದ ಮೇಲೆ ಪಾರ್ಲಿಮೆಂಟಿನ ಚುನಾವಣೆಗಳು ಕ್ರಮವಾಗಿ ನಡೆದುವು. ಆದರೂ ಮತದ ಹಕ್ಕು ಇದ್ದುದು ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಮಾತ್ರ. ಮತವನ್ನು ಚೀಟಿಯಲ್ಲಿ ಬರೆದು ಮುಚ್ಚಿ ಹಾಕುವ ಪದ್ಧತಿಯೂ ಇರಲಿಲ್ಲ. ಮತದಾರನು ಕ್ಷೇತ್ರದ ಮುಖ್ಯಸ್ಥಳಕ್ಕೆ ಹೋಗಿ, ಅಧಿಕಾರಿಗಳ ಮುಂದೆ ನಿಂತು, ತನ್ನವನ ಹೆಸರನ್ನು ಎಲ್ಲರಿಗೂ ಕೇಳುವಂತೆ ಬಾಯಿಬಿಟ್ಟು ಹೇಳಬೇಕಾಗಿತ್ತು. ಹಳ್ಳಿಗಳಿಂದ ಮುಖ್ಯಸ್ಥಳಕ್ಕೆ ಬಂಡಿಯ ಬಾಡಿಗೆ, ದಾರಿಯ ಊಟ, ರಾತ್ರಿಯ ವಸತಿ, ಇವೆಲ್ಲವೂ ಉಮೇದುವಾರನ ತಲೆಯ ಮೇಲೆಯೇ ಬೀಳುತ್ತಿದ್ದುವು. ಕಾಲ್ಮಾನ್ ಟಿಸ ಎಂಬ ಮಂತ್ರಿಯು ೧೮೭೫ರಿಂದ ೧೮೯೦ರವರೆಗೆ ಮುಖ್ಯಾಧಿಕಾರದಲ್ಲಿದ್ದಾಗ ಈ ವ್ಯವಸ್ಥೆಯು ಬೇರೂರಿತು. ಬಾನ್‌ಫಿ ಎಂಬ ಮಂತ್ರಿಯ ಕಾಲದಲ್ಲಿ ೧೮೯೬ರಲ್ಲಿ ನಡೆದ ಚುನಾವಣೆಯಂತೂ ಹಣಕ್ಕೂ ಸರ್ಕಾರೀ ಬಲಪ್ರಯೋಗಕ್ಕೂ ಹೆಸರಾಗಿ ಹೋಯಿತು.

ಮಹನೀಯರೇ, ಹಂಗೇರಿಯಲ್ಲಿ ಹಣವು ಏಕೆ ಅಷ್ಟು ಕೆಲಸ ಮಾಡಿತು? ಎರಡು ಕಾರಣಗಳು ಸ್ಪಷ್ಟವಾಗಿವೆ. ಮತದಾರರು ಕೆಲವರೇ ಆದುದರಿಂದ ಅವರನ್ನು ಕೊಳ್ಳುವುದು ಸಾಧ್ಯವಾಗಿತ್ತು. ಮತವು ಬಹಿರಂಗವಾದುದರಿಂದ, ಕೊಂಡವನು ತನ್ನ ಸರಕು ಕೈಸೇರಿತೋ ಇಲ್ಲವೋ ಎಂಬುದನ್ನು ಕಿವಿಯಾರೆ ಕೇಳಿ ತಿಳಿಯಬಹುದಾಗಿತ್ತು. ಸಂತೆಯಲ್ಲಿ ಎತ್ತನ್ನು ಕೊಳ್ಳುವವನು ಹಗ್ಗವನ್ನು ಕೈಗೆ ತೆಗೆದುಕೊಂಡ ಮೇಲೆ ಹಣ ಕೊಡುವಂತೆ ಅಲ್ಲಿಯ ವ್ಯಾಪಾರ ನಡೆಯುತ್ತಿತ್ತು.

ಇಂಗ್ಲೆಂಡಿನವರೂ ಇದೇ ರೋಗವನ್ನು ಅನುಭವಿಸಿ ಎರಡು ಔಷಧಗಳನ್ನು ಮಾಡಿಕೊಂಡರು. ೧೮೭೨ರಲ್ಲಿ ಗುಪ್ತಮತದ ಕಾಯಿದೆಯನ್ನು ಮಾಡಿದರು. ೧೮೮೩ರಲ್ಲಿ, ಉಮೇದುವಾರನು ಇಷ್ಟಕ್ಕಿಂತ ಹೆಚ್ಚು ವೆಚ್ಚಮಾಡಕೂಡದು, ವೆಚ್ಚದ ಲೆಕ್ಕವನ್ನು ಒಪ್ಪಿಸತಕ್ಕದ್ದು ಎಂದು ಮತ್ತೊಂದು ಕಾಯಿದೆಯನ್ನು ಮಾಡಿದರು. ಅದಾದಮೇಲೆ ಅಲ್ಲಿಯ ಚುನಾವಣೆಗಳ ವೆಚ್ಚವು ಗಣನೀಯವಾಗಿ ಇಳಿಯಿತು. ಭರತಖಂಡದ ಈಗಿನ ಚುನಾವಣಾ ಶಾಸನವು ಈ ಎರಡು ತತ್ತ್ವಗಳ ಮೇಲೆಯೇ ನಿಂತಿದೆ.

ಇನ್ನು ನಮ್ಮ ಮೈಸೂರು ದೇಶದ ಸಂಗತಿ. ೧೮೮೧ನೆಯ ಇಸವಿ ಅಕ್ಟೋಬರ್ ೭ನೆಯ ತಾರೀಖು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲು ಸೇರಿತು. ಅದರ ಸದಸ್ಯರು ೧೪೪ ಮಂದಿ. ಮೊದಲು ಅವರನ್ನು ಆರಿಸಿ ಕಳುಹಿಸುತ್ತಿದ್ದರು. ಮುಂದಿನ ದಶಕದಲ್ಲಿ ಚುನಾಯಿಸುವ ಪದ್ಧತಿ ಬಂದಿತು. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆಯೂ ಏರ್ಪಟ್ಟಿತು. ೧೯೨೩ರ ಸುಧಾರಣೆಯಿಂದ ಪ್ರಜಾಪ್ರತಿನಿಧಿ ಸಭೆಗೆ ಕಾಯಿದೆಯ ಆಧಾರ ದೊರೆಯಿತು. ಆದರೂ ಆ ಕಾಲದಲ್ಲೆಲ್ಲ ಮತದ ಹಕ್ಕು ಕಂದಾಯ, ತೆರಿಗೆ, ವಿದ್ಯೆ ಮುಂತಾದ ಅರ್ಹತೆಯುಳ್ಳ ಕೆಲವರದಾಗಿತ್ತು. ಕೂಲಿಯವನಿಗೂ ಗೇಣಿಯ ಒಕ್ಕಲಿಗೂ ಅದರಲ್ಲಿ ಪಾಲಿರಲಿಲ್ಲ.

೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಈ ಬೇಲಿಯನ್ನು ಕಿತ್ತೆಸೆಯಿತು. ೧೯೫೧-೫೨ರ ಮಹಾಚುನಾವಣೆಯಲ್ಲಿ ೨೧ ವರ್ಷ ತುಂಬಿದ ಸ್ತ್ರೀಪುರುಷರೆಲ್ಲರೂ ಮತದಾರರಾದರು. ೧೯೮೯ರ ತಿದ್ದುಪಡಿಯಿಂದ ಆ ವಯಸ್ಸು ೧೮ಕ್ಕೆ ಇಳಿಯಿತು. ಮತವೂ ಗುಪ್ತವಾಯಿತು. ಹಂಗೇರಿಯಲ್ಲಿ ಹಣಕ್ಕೆ ಬಲ ಕೊಟ್ಟ ಎರಡು ಕಾರಣಗಳೂ ಹೀಗೆ ನಮ್ಮಲ್ಲಿ ಇಲ್ಲವಾದುವು. ಮತದಾರರು ಕೆಲವರಲ್ಲ, ಅವರು ಯಾರಿಗೆ ಹಾಕಿದರೆಂಬುದು ಯಾರಿಗೂ ಕೇಳಿಸುವುದಿಲ್ಲ. ಇಂತಿರಲು ಹಣದ ಹಂಚಿಕೆ ತಾನಾಗಿಯೇ ನಿಂತುಹೋಗಬೇಕಾಗಿತ್ತು.

ನಿಂತಿತೇ? ೨೦೨೩ರ ಕರ್ಣಾಟಕ ವಿಧಾನಸಭೆಯ ಚುನಾವಣೆಯ ಕಾಲದಲ್ಲಿ ಅಧಿಕಾರಿಗಳು ಹಿಡಿದ ನಗದು, ಮದ್ಯ, ಚಿನ್ನಬೆಳ್ಳಿ, ಉಡುಗೊರೆಗಳ ಒಟ್ಟು ಬೆಲೆ ೩೭೫ ಕೋಟಿ ರೂಪಾಯಿಗಳಿಗೂ ಹೆಚ್ಚೆಂದು ಚುನಾವಣಾ ಆಯೋಗವೇ ಪ್ರಕಟಿಸಿತು. ೨೦೧೮ರಲ್ಲಿ ಹೀಗೆ ಹಿಡಿದದ್ದು ೮೪ ಕೋಟಿಯ ಹತ್ತಿರ. ಐದು ವರ್ಷಗಳಲ್ಲಿ ಅದು ನಾಲ್ಕು ಪಟ್ಟಿಗೂ ಮೀರಿ ಬೆಳೆಯಿತು. ಇದು ಕೈಗೆ ಸಿಕ್ಕಿದ್ದರ ಲೆಕ್ಕ ಮಾತ್ರ.

ಹಾಗಾದರೆ, ಮತವನ್ನು ಕಣ್ಣಿನಿಂದ ಕಾಣಲಾರದ, ಕಿವಿಯಿಂದ ಕೇಳಲಾರದ ಈ ವ್ಯಾಪಾರಿಯು ಯಾವ ಭರವಸೆಯ ಮೇಲೆ ಹಣವನ್ನು ಚೆಲ್ಲುತ್ತಾನೆ? ಹಂಗೇರಿಯಲ್ಲಿ ಬಹಿರಂಗದ ಮಾತು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬಹುಮಟ್ಟಿಗೆ ಆಣೆಯು ಮಾಡುತ್ತಿದೆ. ಮನೆದೇವರ ಪಟ, ಭಂಡಾರ, ದೀಪ, ಮಕ್ಕಳ ತಲೆ, ಇವುಗಳನ್ನು ಮುಟ್ಟಿಸಿ ಹಣ ಕೊಡುವುದರ ಅರ್ಥವೇನು? "ನಾನು ನಿನ್ನನ್ನು ಕಾಯಲಾರೆ, ನಿನ್ನ ದೇವರೇ ನನ್ನ ಪರವಾಗಿ ಕಾಯಲಿ" ಎಂದಲ್ಲವೆ? ಆಣೆಯಿಲ್ಲದ ಕಡೆಯಲ್ಲಿಯೂ "ಉಪ್ಪುಂಡ ಮನೆಗೆ ಎರಡು ಬಗೆಯಬಾರದು" ಎಂಬ ನಮ್ಮ ಜನರ ಸಹಜ ಸದ್ಗುಣವೇ ಆಣೆಯಂತೆ ನಿಲ್ಲುತ್ತದೆ. ಶಾಸನವು ಮತಪೆಟ್ಟಿಗೆಗೆ ಬೀಗ ಹಾಕಿತು. ವ್ಯಾಪಾರಿಯು ಭಕ್ತನ ಮನಸ್ಸಿನ ಬಾಗಿಲಿನಿಂದ ಒಳಹೊಕ್ಕನು. ಸತ್ಯವಂತನಾದ ಬಡವನ ಸತ್ಯವನ್ನೇ ಅವನ ಮೇಲೆ ಹಗ್ಗವಾಗಿ ಬೀಸುವ ಈ ಉಪಾಯವು ಧರ್ಮಪೀಠಗಳು ಮೌನದಿಂದ ನೋಡತಕ್ಕದ್ದಲ್ಲ.

ಈಗ ಪ್ರಶ್ನೆಗೆ ಬರೋಣ. ಲಂಚಕ್ಕಾಗಿ ಮಾಡಿದ ಆಣೆಯು ಬಂಧಿಸುವುದೇ? ಬಂಧಿಸದು. ನಮ್ಮ ಪ್ರಾಚೀನ ವ್ಯವಹಾರಶಾಸ್ತ್ರಗಳಲ್ಲಿ ಒಂದಾದ ನಾರದಸ್ಮೃತಿಯು ದಾನವನ್ನು ವಿಚಾರಿಸುವಲ್ಲಿ 'ದತ್ತ' 'ಅದತ್ತ' ಎಂದು ವಿಭಾಗಿಸಿ, ಅದತ್ತವನ್ನು ಹದಿನಾರು ಬಗೆಯಾಗಿ ಎಣಿಸುತ್ತದೆ. ಅದತ್ತವೆಂದರೆ ಕೊಟ್ಟರೂ ಕೊಡದಂತೆ ಎಣಿಸತಕ್ಕದ್ದು. ಭಯದಿಂದ ಕೊಟ್ಟದ್ದು, ಕೋಪದಿಂದ ಕೊಟ್ಟದ್ದು, ಮೋಸದಿಂದ ಕೊಟ್ಟದ್ದು ಮುಂತಾದುವುಗಳ ಸಾಲಿನಲ್ಲಿ 'ಉತ್ಕೋಚ'ವೂ ಸೇರಿದೆ. ಉತ್ಕೋಚವೆಂದರೆ ಲಂಚ. ಕೊಟ್ಟದ್ದೇ ಕೊಡದಂತಾದ ಮೇಲೆ ಅದರಿಂದ ಋಣವು ಹುಟ್ಟುವುದೆಲ್ಲಿ? ಋಣವೇ ಇಲ್ಲದಿರುವಲ್ಲಿ ಅದನ್ನು ತೀರಿಸುವೆನೆಂಬ ಆಣೆಗೆ ಆಧಾರವೆಲ್ಲಿ? ಈಗಿನ ಶಾಸನವೂ ಇದನ್ನೇ ಹೇಳುತ್ತದೆ. ೧೮೭೨ರ ಕರಾರು ಕಾಯಿದೆಯ ಪ್ರಕಾರ ಕಾನೂನಿಗೆ ವಿರುದ್ಧವಾದ ಉದ್ದೇಶವುಳ್ಳ ಕರಾರು ನಿರರ್ಥಕ. ಆದುದರಿಂದ ಆಣೆಗೆ ಹೆದರಿ, ಮನಸ್ಸೊಪ್ಪದವನಿಗೆ ಮತ ಹಾಕಿ, "ಮಾತು ಉಳಿಸಿಕೊಂಡೆ" ಎಂದು ಸಮಾಧಾನಪಡುವ ಕಾರಣವಿಲ್ಲ. ಮನೆದೇವರು ಮತದ ವ್ಯಾಪಾರಕ್ಕೆ ಜಾಮೀನುದಾರನಲ್ಲ.

ಆದರೆ ಇಲ್ಲಿ ಒಂದು ಎಚ್ಚರವನ್ನು ಹೇಳಲೇಬೇಕು. "ಆಣೆ ಬಂಧಿಸದಾದರೆ ಎಲ್ಲರಿಂದಲೂ ಹಣ ತೆಗೆದುಕೊಂಡು ಮನಸ್ಸಿಗೆ ಬಂದವರಿಗೆ ಮತ ಹಾಕೋಣ" ಎಂಬ ಜಾಣತನದ ಮಾತನ್ನು ಕೆಲವರು ಆಡುವುದುಂಟು. ಅದು ಸರಿಯಲ್ಲ. ಕೊಡದಂತೆ ಎಣಿಸತಕ್ಕ ಹಣವು ನಮ್ಮದಲ್ಲ. ನಮ್ಮದಲ್ಲದ್ದನ್ನು ಇಟ್ಟುಕೊಳ್ಳುವುದು ಕಾಯಕದ ಅನ್ನವಾಗಲಾರದು. ಶಾಸನದ ದೃಷ್ಟಿಯಲ್ಲಿಯೂ ಕೊಟ್ಟವನಂತೆ ಕೊಂಡವನೂ ಅಪರಾಧಿ. ೧೯೨೦ರಲ್ಲಿ ಹಿಂದಿನ ದಂಡಸಂಹಿತೆಗೆ ಸೇರಿಸಿದ ಈ ವಿಧಿಯು ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯಲ್ಲಿಯೂ ಉಳಿದಿದೆ. ಚುನಾವಣಾ ಲಂಚಕ್ಕೆ ಒಂದು ವರ್ಷದವರೆಗೆ ಸೆರೆಮನೆ ಅಥವಾ ಜುಲ್ಮಾನೆ, ಅಥವಾ ಎರಡೂ. ಊಟ ಪಾನಗಳ ರೂಪದಲ್ಲಿ ಕೊಟ್ಟರೆ ಜುಲ್ಮಾನೆ ಮಾತ್ರ. ಸರ್ಕಾರಕ್ಕೆ ಬಂದರೆ ಇಂಥ ಕಾರ್ಯಕ್ರಮವನ್ನು ನಡೆಸುವೆವೆಂದು ಎಲ್ಲರ ಮುಂದೆ ಸಾರಿ ಹೇಳುವುದು ಮಾತ್ರ ಲಂಚವಲ್ಲವೆಂದು ಆ ಶಾಸನವೇ ವಿಂಗಡಿಸಿದೆ.

ಬಡವರನ್ನು ನಿಂದಿಸಲು ನಾನು ಈ ಮಾತುಗಳನ್ನು ಆಡುತ್ತಿಲ್ಲ. ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆಗಳ ಈ ಬಯಲು ಮಳೆಯನ್ನು ನಂಬಿ ಬದುಕುವ ಸೀಮೆ. ಕಡಲೆಕಾಯಿ ಬಿತ್ತಿದವನು ಆಕಾಶವನ್ನು ನೋಡುತ್ತ ಕುಳಿತಿರುವಾಗ, ಕೊಳವೆಬಾವಿಯು ಬತ್ತಿರುವಾಗ, ಅಂಗಡಿಯ ಸಾಲ ತೀರದಿರುವಾಗ, ಮನೆಬಾಗಿಲಿಗೆ ಬಂದ ಐನೂರು ರೂಪಾಯಿಯನ್ನು ತಿರಸ್ಕರಿಸುವುದು ಹೊಟ್ಟೆ ತುಂಬಿದವನು ಎಣಿಸಿದಷ್ಟು ಸುಲಭವಲ್ಲ. ಬರಗಾಲದಲ್ಲಿ ಕೈಯೊಡ್ಡಿದವನಿಗಿಂತ ಆ ಬರಗಾಲವನ್ನು ತನ್ನ ಸುಗ್ಗಿಯನ್ನಾಗಿ ಮಾಡಿಕೊಂಡವನ ದೋಷವು ದೊಡ್ಡದು.

ಆದರೂ ಲೆಕ್ಕವನ್ನು ಒಮ್ಮೆ ನೋಡಿರಿ. ನಮ್ಮ ಶಿರಾ ಕ್ಷೇತ್ರದ ಮತದಾರರು ಎರಡು ಲಕ್ಷಕ್ಕೂ ಹೆಚ್ಚು. ೨೦೨೦ನೆಯ ನವೆಂಬರ್ ೩ರಂದು ಇಲ್ಲಿ ಉಪಚುನಾವಣೆಯು ನಡೆಯಿತು. ಅದಕ್ಕೆ ಹದಿನೈದು ದಿನಗಳ ಮುಂಚೆ, ಸಾಂಕ್ರಾಮಿಕ ರೋಗದ ಕಾಲವೆಂಬ ಕಾರಣದಿಂದ, ವಿಧಾನಸಭೆಯ ಉಮೇದುವಾರನ ವೆಚ್ಚದ ಮಿತಿಯನ್ನು ೨೮ ಲಕ್ಷದಿಂದ ೩೦ ಲಕ್ಷದ ೮೦ ಸಾವಿರಕ್ಕೆ ಏರಿಸಿದ್ದರು. ೨೦೨೨ರ ಜನವರಿಯಲ್ಲಿ ಅದನ್ನು ೪೦ ಲಕ್ಷವನ್ನಾಗಿ ಮಾಡಿದರು. ನಾಲ್ವತ್ತು ಲಕ್ಷವನ್ನು ಎರಡು ಲಕ್ಷ ಮತದಾರರಿಗೆ ಭಾಗಿಸಿದರೆ ತಲೆಗೆ ೨೦ ರೂಪಾಯಿ. ಕರಪತ್ರ, ವಾಹನ, ಸಭೆ, ಧ್ವನಿವರ್ಧಕಗಳೆಲ್ಲವೂ ಇದರೊಳಗೆ ಮುಗಿಯತಕ್ಕದ್ದು. ಲಂಚಕ್ಕೆ ಇದರಲ್ಲಿ ಒಂದು ಕಾಸಿನ ಎಡೆಯೂ ಇಲ್ಲ. ಹೀಗಿರುವಾಗ ಇಂಥ ಯಾವುದೋ ಒಂದು ಕ್ಷೇತ್ರದಲ್ಲಿ ಒಬ್ಬನು ಒಂದು ಲಕ್ಷ ಜನರಿಗೆ ತಲಾ ೫೦೦ ರೂಪಾಯಿ ಹಂಚಿದನೆಂದು ಊಹಿಸಿರಿ. ಐದು ಕೋಟಿಯಾಯಿತು, ಮಿತಿಯ ಹನ್ನೆರಡೂವರೆ ಪಟ್ಟು. ಈ ಐದು ಕೋಟಿಯನ್ನು ಅವನು ಸಾಲವಾಗಿ ತಂದಿರಬೇಕು, ಇಲ್ಲವೆ ಗುತ್ತಿಗೆದಾರನಿಂದಲೋ ಗಣಿಯವನಿಂದಲೋ ವ್ಯಾಪಾರಿಯಿಂದಲೋ ಪಡೆದಿರಬೇಕು. ಆ ಸಾಲಕ್ಕೆ ಬಡ್ಡಿಯುಂಟು. ಅದು ಮರಳಿ ಬರುವುದು ನಮ್ಮ ಕೆರೆಯ ಏರಿಯಿಂದ, ಊರಿನ ರಸ್ತೆಯಿಂದ, ಶಾಲೆಯ ಗೋಡೆಯಿಂದ. ಇತ್ತ ಐನೂರು ರೂಪಾಯಿ ಪಡೆದವನು ಐದು ವರ್ಷಗಳ ದಿನಗಳಿಗೆ ಅದನ್ನು ಭಾಗಿಸಿದರೆ ದಿನಕ್ಕೆ ಸುಮಾರು ೨೭ ಪೈಸೆ. ಈ ಬೆಲೆಗೆ ಕೇಳುವ ಹಕ್ಕನ್ನೇ ಮಾರಿದಂತಾಗುವುದು. ಕೆರೆಯ ಕೆಲಸ ಏಕಾಗಲಿಲ್ಲವೆಂದು ಕೇಳಹೋದವನಿಗೆ "ನಿನ್ನ ಬಾಬ್ತು ಚುಕ್ತಾ ಆಗಿದೆ" ಎಂಬ ಉತ್ತರವು ಬಾಯಿಂದ ಬಾರದಿದ್ದರೂ ಮುಖದಲ್ಲಿ ಕಾಣುತ್ತದೆ.

ಶಾಸನದಲ್ಲಿ ದೋಷವಿಲ್ಲವೆಂದು ನಾನು ಹೇಳುವುದಿಲ್ಲ. ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆಯು ಉಮೇದುವಾರನ ವೆಚ್ಚಕ್ಕೆ ಮಿತಿಯನ್ನಿಟ್ಟು, ಫಲಿತಾಂಶವು ಪ್ರಕಟವಾದ ೩೦ ದಿನಗಳೊಳಗಾಗಿ ಲೆಕ್ಕ ಒಪ್ಪಿಸಬೇಕೆಂದು ವಿಧಿಸಿತು. ಪಕ್ಷದವರು ಉಮೇದುವಾರನಿಗಾಗಿ ಮಾಡಿದ ವೆಚ್ಚವನ್ನೂ ಅವನ ಲೆಕ್ಕಕ್ಕೇ ಸೇರಿಸತಕ್ಕದ್ದೆಂದು ೧೯೭೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. ಅದೇ ವರ್ಷ ಕಾಯಿದೆಯನ್ನು ತಿದ್ದಿ ಆ ತೀರ್ಪಿನ ಬಲವನ್ನು ತೆಗೆದುಹಾಕಿದರು. ೨೦೦೩ರಲ್ಲಿ ಮತ್ತೆ ತಿದ್ದಿ ಆ ವಿನಾಯಿತಿಯನ್ನು ಸಂಕೋಚಗೊಳಿಸಿದರಾದರೂ, ಪಕ್ಷವು ತಾನಾಗಿ ಮಾಡುವ ಒಟ್ಟು ವೆಚ್ಚಕ್ಕೆ ಮಿತಿಯೆಂಬುದು ಈಗಲೂ ಇಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ ಇದು.

ಪಕ್ಷಗಳಿಗೆ ಬರುವ ದೇಣಿಗೆಯ ಕಥೆಯೂ ಹೀಗೆಯೇ. ವ್ಯಾಪಾರದ ಕಂಪೆನಿಗಳು ದೇಣಿಗೆ ಕೊಡುವುದನ್ನು ೧೯೬೯ರಲ್ಲಿ ನಿಷೇಧಿಸಿ, ೧೯೮೫ರಲ್ಲಿ ಮತ್ತೆ ಅನುಮತಿಸಿದರು. ೨೦೧೮ರಿಂದ, ಕೊಟ್ಟವರ ಹೆಸರು ಪ್ರಜೆಗಳಿಗೆ ತಿಳಿಯದಂತೆ ಕೊಡುವ ಚುನಾವಣಾ ಬಾಂಡುಗಳು ನಡೆದುವು. ಅವುಗಳ ಮೂಲಕ ೧೬ ಸಾವಿರ ಕೋಟಿ ರೂಪಾಯಿಗಳಿಗೂ ಹೆಚ್ಚು ಹಣ ಪಕ್ಷಗಳಿಗೆ ಸೇರಿತು. ೨೦೨೪ನೆಯ ಫೆಬ್ರವರಿ ೧೫ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರು ಏಕಾಭಿಪ್ರಾಯದಿಂದ ಆ ಬಾಂಡುಗಳು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಮಾನಿಸಿದರು. ಯಾರು ಯಾರಿಗೆ ಕೊಟ್ಟರೆಂಬುದನ್ನು ತಿಳಿಯುವುದು ಮತದಾರನ ಹಕ್ಕೆಂಬುದು ಆ ತೀರ್ಪಿನ ತಿರುಳು. ಚುನಾವಣೆಯ ವೆಚ್ಚದ ಒಂದು ಭಾಗವನ್ನು ಸರ್ಕಾರವೇ ವಸ್ತುರೂಪದಲ್ಲಿ ವಹಿಸಿಕೊಳ್ಳಲೆಂದು ೧೯೯೮ರಲ್ಲಿ ಇಂದ್ರಜಿತ್ ಗುಪ್ತರ ಸಮಿತಿಯು ಸೂಚಿಸಿತ್ತು; ಅದು ಕಾರ್ಯಕ್ಕೆ ಬರಲಿಲ್ಲ.

ಇನ್ನು ನಮಗೆ ಅತಿ ಸಮೀಪವಾದ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ೨೦೨೦ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿಗಳ ಚುನಾವಣೆಯು ನಡೆದಾಗ, ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯಸ್ಥಾನಗಳನ್ನು ಹರಾಜು ಹಾಕಿ, ಹೆಚ್ಚು ಕೂಗಿದವನನ್ನು ಎದುರಾಳಿಯಿಲ್ಲದೆ ಆರಿಸಲು ಊರವರು ಒಪ್ಪಂದ ಮಾಡಿಕೊಂಡರೆಂಬ ವರ್ತಮಾನವು ಪತ್ರಿಕೆಗಳಲ್ಲಿ ಬಂದಿತು. ಇಂಥ ಹಣವನ್ನು ಗುಡಿಯ ಜೀರ್ಣೋದ್ಧಾರಕ್ಕೆಂದು ಹೇಳುವುದುಂಟು. "ಯಾರ ಜೇಬಿಗೂ ಹೋಗಲಿಲ್ಲ, ದೇವರಿಗೆ ಹೋಯಿತು, ದೋಷವೇನು?" ಎಂದು ಕೇಳುವವರೂ ಇದ್ದಾರೆ. ದೋಷವುಂಟು. ಊರಿನಲ್ಲಿ ಹಣವಿಲ್ಲದವನು, ಆದರೆ ಯೋಗ್ಯನಾದವನು, ಆ ಹರಾಜಿನ ಕಟ್ಟೆಯ ಹೊರಗೇ ನಿಂತುಹೋದನು. ಪ್ರಜೆಗಳೆಲ್ಲರ ಹಕ್ಕನ್ನು ಹತ್ತು ಮಂದಿ ಕುಳಿತು ಮಾರಿ, ಆ ಕ್ರಯಕ್ಕೆ ದೇವರ ಹೆಸರನ್ನು ಹಚ್ಚಿದರು. ಕದ್ದ ಹೂವು ಪೂಜೆಗೆ ಸಲ್ಲದಿದ್ದರೆ, ಕೊಂಡ ಮತದ ಕಲಶವು ಗೋಪುರಕ್ಕೆ ಸಲ್ಲುವುದೆಂತು?

ಇದು ಮಠಗಳಿಗೂ ಅನ್ವಯಿಸುವ ಮಾತು. ಮಠದಲ್ಲಿ ಅನ್ನವನ್ನು ಬಡಿಸುತ್ತಾರೆ, ಉಮೇದುವಾರನ ಪೆಂಡಾಲಿನಲ್ಲಿಯೂ ಅನ್ನವನ್ನು ಬಡಿಸುತ್ತಾರೆ. ಭೇದವೇನು? ದಾಸೋಹದಲ್ಲಿ ಉಂಡೆದ್ದವನನ್ನು ಯಾರೂ ಏನೂ ಕೇಳುವುದಿಲ್ಲ. ಬಡಿಸಿದವನೇ ತಾನು ಧನ್ಯನೆನ್ನುತ್ತಾನೆ. ಅಲ್ಲಿ ಎಲೆ ಎತ್ತುವ ಮೊದಲೇ ಕೂಲಿ ನಿಷ್ಕರ್ಷೆಯಾಗಿರುತ್ತದೆ. ಚುನಾವಣೆಯ ಹೊಸ್ತಿಲಲ್ಲಿ ಮಠಕ್ಕೋ ಗುಡಿಗೋ ಕಾಣಿಕೆ ತರುವವನ ಕೈಯನ್ನು ನೋಡಿ, "ಚುನಾವಣೆ ಮುಗಿದ ಮೇಲೆ ಬನ್ನಿರಿ" ಎಂದು ಹೇಳುವ ಧೈರ್ಯವು ಧರ್ಮಸಂಸ್ಥೆಗಳಿಗೆ ಇರತಕ್ಕದ್ದು. ೧೯೮೮ರ ಕಾಯಿದೆಯೊಂದು ಧಾರ್ಮಿಕ ಸಂಸ್ಥೆಗಳ ಸ್ಥಳವನ್ನಾಗಲಿ ದ್ರವ್ಯವನ್ನಾಗಲಿ ರಾಜಕೀಯ ಕಾರ್ಯಕ್ಕೆ ಬಳಸಕೂಡದೆಂದು ನಿಷೇಧಿಸಿದೆ. ಇಂಥವನಿಗೆ ಮತ ಹಾಕಿದರೆ ದೈವಕೋಪವಾದೀತೆಂದು ಹೆದರಿಸುವುದನ್ನು ಚುನಾವಣಾ ಕಾಯಿದೆಯು ಅನುಚಿತ ಪ್ರಭಾವವೆಂಬ ದೋಷದಲ್ಲಿ ಎಣಿಸಿದೆ. ದೇವರ ಹೆಸರಿನಲ್ಲಿ ಆಣೆ ಹಾಕಿಸಿಕೊಳ್ಳುವವರು ಈ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಆದುದರಿಂದ ಭಕ್ತರಲ್ಲಿ ನನ್ನ ಬಿನ್ನಹ ಇಷ್ಟೆ. ಹಣ ತಂದವನನ್ನು ಬೈಯದೆ, ಜಗಳವಾಡದೆ, "ಬೇಡ" ಎಂದು ಹೇಳಿ ಕಳುಹಿಸಿರಿ. ಒಬ್ಬರೇ ಹೇಳುವುದು ಕಷ್ಟವಾದರೆ ಕೇರಿಯವರೆಲ್ಲ ಕೂಡಿ ಹೇಳಿರಿ. ಸ್ತ್ರೀಶಕ್ತಿ ಸಂಘಗಳ ಮಾತೆಯರು ಮನಸ್ಸು ಮಾಡಿದರೆ ಇದು ಅಸಾಧ್ಯವಲ್ಲ. ತಿಳಿಸಬೇಕೆನಿಸಿದವರಿಗೆ ಚುನಾವಣಾ ಆಯೋಗದ ೧೯೫೦ ಎಂಬ ದೂರವಾಣಿಯೂ, ದೂರನ್ನು ಚಿತ್ರಸಹಿತ ಕಳುಹಿಸುವ ಸಿ-ವಿಜಿಲ್ ಎಂಬ ಸಾಧನವೂ ಉಂಟು. ಈಗಾಗಲೇ ಆಣೆಯಿಟ್ಟು ಹೆದರಿರುವವರು ಆ ಹೆದರಿಕೆಯನ್ನು ಈ ದಿನ ಇಲ್ಲಿಯೇ ಬಿಟ್ಟು ಹೋಗಿರಿ. ಮತಗಟ್ಟೆಯ ಮರೆಯಲ್ಲಿ ನಿಂತಾಗ ನಿಮ್ಮ ಜೊತೆಗಿರುವುದು ನಿಮ್ಮ ಅಂತಃಸಾಕ್ಷಿಯೊಂದೇ. ಅದಕ್ಕೆ ಸರಿಯೆಂದು ತೋರಿದವರಿಗೆ ನಿರ್ಭಯವಾಗಿ ಮತವನ್ನು ಕೊಡಿರಿ.



ಶಿವಾರ್ಪಣಮಸ್ತು.